ಹೂವೆಲ್ಲಾ ಉದುರ್ತಿದೆ, ಬೆಣ್ಣೆ ಹಣ್ಣಿನ ಮರ ಕಡಿಯೋದಾ?

ಪ್ರಶ್ನೆ: ಅಕ್ಕಾ ನಮಸ್ತೆ, ಸಕಲೇಶಪುರದ ಹತ್ರ ನಮ್ದು ಕಾಫಿ ತೋಟ. ಮನೆ ಹಿಂದೆ ಒಂದು ಬೆಣ್ಣೆ ಹಣ್ಣಿನ ಮರ ಇದೆ, ಹಣ್ಣು ತಿಂದು ಎಸೆದ ಬೀಜದಿಂದ ತಾನಾಗೇ ಎದ್ದಿದ್ದು, 8 ವರ್ಷ ಆಯ್ತು. ಎರಡು ವರ್ಷದಿಂದ ಮರ ತುಂಬಾ ಹೂ, ಆದ್ರೆ ಒಂದು ಕಾಯಿನೂ ನಿಲ್ತಿಲ್ಲ. ನಮ್ಮ ಮಾವ ಇದು ಗಂಡು ಮರ, ಕಡಿದು ಹಾಕು ಅಂತಾರೆ. ಕಡಿಯೋದಾ?

ಉತ್ತರ: ದಯವಿಟ್ಟು ಕಡೀಬೇಡಿ ಅಣ್ಣಾ. ಪಪ್ಪಾಯದಲ್ಲಿ ಗಂಡು ಗಿಡ ಹೆಣ್ಣು ಗಿಡ ಅಂತ ಬೇರೆ ಬೇರೆ ಇರ್ತದೆ, ನಿಮ್ಮ ಮಾವ ಅದೇ ಲೆಕ್ಕದಲ್ಲಿ ಹೇಳಿರ್ಬೇಕು, ಬೆಣ್ಣೆ ಹಣ್ಣಲ್ಲಿ ಹಾಗಿಲ್ಲ. ಇಲ್ಲಿ ಒಂದೇ ಹೂವಲ್ಲಿ ಗಂಡೂ ಇದೆ ಹೆಣ್ಣೂ ಇದೆ, ಆದ್ರೆ ಎರಡಕ್ಕೂ ಹೊತ್ತು ಬೇರೆ. ಪ್ರತಿ ಹೂ ಎರಡು ಸಲ ಅರಳ್ತದೆ, ಮೊದಲನೇ ಸಲ ಹೆಣ್ಣಾಗಿ, ಆಮೇಲೆ ಮುಚ್ಕೊಂಡು ಮಾರನೇ ದಿನ ಗಂಡಾಗಿ. ಈ ಹೊತ್ತಿನ ಲೆಕ್ಕದಲ್ಲಿ ಮರಗಳಲ್ಲಿ ಎ, ಬಿ ಅಂತ ಎರಡು ಗುಂಪು. ಎ ಗುಂಪಿನ ಮರದ ಹೂ ಬೆಳಿಗ್ಗೆ ಹೆಣ್ಣಾಗಿ ಅರಳಿ ಮಾರನೇ ದಿನ ಮಧ್ಯಾಹ್ನದ ಮೇಲೆ ಗಂಡಾಗ್ತದೆ, ಬಿ ಗುಂಪಿನದ್ದು ಮಧ್ಯಾಹ್ನದ ಮೇಲೆ ಹೆಣ್ಣು, ಮಾರನೇ ದಿನ ಬೆಳಿಗ್ಗೆ ಗಂಡು. ಅಂದ್ರೆ ಎ ಮರಕ್ಕೆ ಬೆಳಿಗ್ಗೆ ಪರಾಗ ಬೇಕಾದಾಗ ಅದನ್ನ ಇಟ್ಕೊಂಡಿರೋದು ಬಿ ಮರ. ಎಷ್ಟು ಚೆಂದದ ಏರ್ಪಾಡು ನೋಡಿ, ಆದ್ರೆ ಒಂಟಿ ಮರಕ್ಕೆ ಇದೇ ತೊಂದರೆ. ಮೋಡ, ಚಳಿ ಇದ್ದಾಗ ಹೂವಿನ ಟೈಮು ಏರುಪೇರಾಗಿ ಒಂಟಿ ಮರದಲ್ಲೂ ಕಾಯಿ ಕಚ್ಚೋದುಂಟು, ಆದ್ರೆ ಅದನ್ನ ನಂಬ್ಕೊಂಡು ಕೂರಕ್ಕಾಗಲ್ಲ.

ಈಗ ನೀವು ಮಾಡ್ಬೇಕಾದ್ದು ಇಷ್ಟೇ, ಹೂ ಬಿಟ್ಟಾಗ ಒಂದು ಬಿಸಿಲಿನ ದಿನ ಬೆಳಿಗ್ಗೆ 10 ಗಂಟೆಗೊಮ್ಮೆ ಮಧ್ಯಾಹ್ನ 3 ಗಂಟೆಗೊಮ್ಮೆ ಹೋಗಿ ಹೂವನ್ನ ಹತ್ರದಿಂದ ನೋಡಿ. ಮಧ್ಯದಲ್ಲಿ ಒಂದೇ ಕಡ್ಡಿ ನಿಂತು ಸುತ್ತಲಿನ ಕೇಸರ ಎಲ್ಲಾ ಹೊರಗೆ ಮಲಗಿದ್ರೆ ಹೆಣ್ಣಿನ ಹೊತ್ತು, ಕೇಸರ ಎದ್ದು ನಿಂತು ಪುಡಿ ಕಂಡ್ರೆ ಗಂಡಿನ ಹೊತ್ತು. ನಿಮ್ಮದು ಬೀಜದ ಮರ ಆದ್ರಿಂದ ಗುಂಪು ಯಾವ್ದು ಅಂತ ಹೀಗೆ ನೋಡೇ ತಿಳ್ಕೋಬೇಕು. ಆಮೇಲೆ ಎದುರು ಗುಂಪಿನ ಒಂದು ಕಸಿ ಗಿಡ ಹತ್ರದಲ್ಲೇ ನೆಡಿ (ಹಾಸ್ ಅನ್ನೋ ತಳಿ ಎ ಗುಂಪು, ಫ್ಯೂರ್ಟೆ ಅನ್ನೋದು ಬಿ ಗುಂಪು), ಇಲ್ಲಾಂದ್ರೆ ಇದೇ ಮರದ ಒಂದು ಕೊಂಬೆಗೆ ಎದುರು ಗುಂಪಿನ ಕಸಿ ಕಟ್ಟಿಸಿ. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೀಬೇಡಿ, ತುಡುವೆ ಜೇನಿನ ಪೆಟ್ಟಿಗೆ ಒಂದಿದ್ರೆ ಇನ್ನೂ ಒಳ್ಳೇದು. ಮತ್ತೆ ಹೂ ಉದುರ್ತದೆ ಅಂತ ಗಾಬರಿ ಬೇಡ, ಚೆನ್ನಾಗಿ ಕಾಯಿ ಬಿಡೋ ಮರದಲ್ಲೂ ನೂರು ಹೂವಿಗೆ ಒಂದು ನಿಂತ್ರೆ ಹೆಚ್ಚು. ಬೀಜದ ಮರ ಕೆಲವು ತಡವಾಗೇ ಶುರು ಮಾಡ್ತವೆ, ಇನ್ನೆರಡು ವರ್ಷ ಟೈಮ್ ಕೊಡಿ.

ಒಂದು ಮಾತು, ಕೊಂಬೆ ಸವರಿದ್ರೆ ಆ ಸೊಪ್ಪನ್ನ ಆಡು ದನಕ್ಕೆ ಹಾಕ್ಬೇಡಿ. ಎಲೆಯಲ್ಲಿ ಪರ್ಸಿನ್ ಅನ್ನೋ ವಿಷ ಇದೆ, ಹಾಲು ಕೊಡೋ ಪ್ರಾಣಿಗಳ ಕೆಚ್ಚಲಿಗೆ, ಹೃದಯಕ್ಕೆ ತೊಂದರೆ ಮಾಡ್ತದೆ.

ಪ್ರಶ್ನೆ: ಹೊಸದಾಗಿ ನೆಡಬೇಕು, ಬೀಜದ್ದಾ ಕಸಿದಾ? ಗದ್ದೆ ಬದಿ ಜಾಗ ಇದೆ.

ಉತ್ತರ: ಕಸಿದೇ. ಮೂರ್ನಾಲ್ಕು ವರ್ಷಕ್ಕೆ ಫಸಲು ಶುರು, ಹಣ್ಣು ಯಾವ ಥರದ್ದು ಅಂತ ಮೊದಲೇ ಗೊತ್ತಿರ್ತದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅನ್ನೋ ತಳಿ ಬಿಟ್ಟಿದ್ದಾರೆ, ಅಲ್ಲಿ ವಿಚಾರಿಸಿ. ಆದ್ರೆ ಗದ್ದೆ ಬದಿ ಖಂಡಿತ ಬೇಡ. ಅಡಿಕೆಗೆ ಕೊಳೆರೋಗ ತರ್ತದಲ್ಲ, ಆ ಫೈಟಾಫ್ಥೊರ ಅನ್ನೋ ರೋಗಾಣುವಿನ ಜಾತಿಯದ್ದೇ ಇನ್ನೊಂದು ಇದರ ಬೇರು ಕೊಳೆಸ್ತದೆ, ನೀರು ನಿಂತ್ರೆ ಮರ ಉಳಿಯೋದು ಕಷ್ಟ. ಇಳಿಜಾರಲ್ಲಿ, ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ, ಬುಡಕ್ಕೆ ತರಗೆಲೆ ಹಾಕಿ ಆದ್ರೆ ಕಾಂಡಕ್ಕೆ ತಾಗಿಸ್ಬೇಡಿ.

ಪ್ರಶ್ನೆ: ನಮ್ಮ ಮರದ ಹಣ್ಣು ಕಿತ್ತಿಟ್ರೆ ಮೆತ್ತಗಾಗಲ್ಲ, ಸುಕ್ಕಾಗಿ ರಬ್ಬರ್ ಥರ ಆಗಿ ಕಪ್ಪಾಗತ್ತೆ. ಮರದಲ್ಲೇ ಹಣ್ಣಾಗೋಕೆ ಬಿಡಬೇಕಾ?

ಉತ್ತರ: ಬಿಟ್ರೂ ಆಗಲ್ಲ ತಂಗಿ, ಈ ಹಣ್ಣು ಮರದಲ್ಲಿ ಬಲೀತದೆ ಅಷ್ಟೇ, ಮೆತ್ತಗಾಗೋದು ಕಿತ್ತ ಮೇಲೇನೆ. ನಿಮ್ಮದು ಬಲಿಯೋ ಮೊದಲೇ ಕಿತ್ತಿದ್ದು. ಎಲ್ಲಕ್ಕಿಂತ ದೊಡ್ಡದೊಂದನ್ನ ಕಿತ್ತು ಅಡಿಗೆಮನೇಲಿ ಒಂದು ವಾರ ಹತ್ತು ದಿನ ಇಡಿ, ಸುಕ್ಕಾಗದೆ ಒಂದೇ ಸಮ ಮೆತ್ತಗಾಯ್ತಾ, ಹೆಚ್ಚಿ ನೋಡಿದ್ರೆ ಬೀಜದ ಮೇಲಿನ ಸಿಪ್ಪೆ ಬಿಳಿ ಹೋಗಿ ಕಂದು ಬಣ್ಣದ ತೆಳು ಕಾಗದದ ಹಾಗೆ ಆಗಿದ್ಯಾ, ಹಾಗಾದ್ರೆ ಅದೇ ಗಾತ್ರದ ಉಳಿದವೂ ರೆಡಿ. ನೆಲಕ್ಕೆ ಬೀಳಿಸ್ಬೇಡಿ, ದೋಟಿಗೆ ಬಲೆ ಕಟ್ಕೊಳ್ಳಿ, ತೊಟ್ಟು ಸ್ವಲ್ಪ ಉಳಿಸಿ ಕೀಳಿ, ತೊಟ್ಟು ಕಿತ್ತು ಬಂದ ತೂತಿಂದಲೇ ಕೊಳೆ ಒಳಗೆ ಹೋಗೋದು. ಬೇಗ ಬೇಕಿದ್ರೆ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ. ಗಟ್ಟಿ ಇದ್ದಾಗ ಫ್ರಿಜ್ಜಿಗೆ ಹಾಕಿದ್ರೆ ಕೆಟ್ಟು ಒಳಗೆ ಕಪ್ಪಾಗ್ಬಹುದು, ಮೆತ್ತಗಾದ ಮೇಲೆ ಎರಡು ಮೂರು ದಿನ ಇಡಬಹುದು.

ಪ್ರಶ್ನೆ: ಅಪ್ಪನಿಗೆ ಶುಗರ್ ಇದೆ, ಬಟರ್ ಫ್ರೂಟ್ ಜ್ಯೂಸ್ ಕೊಡಬಹುದಾ?

ಉತ್ತರ: ಹಣ್ಣು ಕೊಡಿ, ಆ ಜ್ಯೂಸ್ ಬೇಡ. 100 ಗ್ರಾಂ ಹಣ್ಣಲ್ಲಿ ಸಕ್ಕರೆ 1 ಗ್ರಾಂಗೂ ಕಡಿಮೆ, ಲೋಟಕ್ಕೆ ನಾಲ್ಕು ಚಮಚ ಸುರಿಯೋದು ನಾವು. ಆದ್ರೆ ಕೊಬ್ಬಿನಂಶ ಇರೋದ್ರಿಂದ ದಿನಕ್ಕೆ ಅರ್ಧ ಹಣ್ಣು ಸಾಕು, ಅಪ್ಪನ ಡಾಕ್ಟರಿಗೂ ಒಂದು ಮಾತು ಹೇಳಿ. ನಮ್ಮನೇಲಿ ಉಪ್ಪು ಖಾರದಲ್ಲೇ ತಿನ್ನೋದು ಹೆಚ್ಚು. ಹಣ್ಣನ್ನ ಕೈಯಲ್ಲೇ ಕಿವುಚಿ, ಸಣ್ಣ ಈರುಳ್ಳಿ, ಹಸಿಮೆಣಸು, ಉಪ್ಪು, ನಿಂಬೆಹುಳಿ ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಆರಿದ ಮೇಲೆ ಕೊಟ್ರೆ ಅಕ್ಕಿ ರೊಟ್ಟಿಗೆ ತುಂಬಾ ಚೆನ್ನಾಗಿರ್ತದೆ, ಮೊಸರು ಸೇರಿಸಿದ್ರೆ ಮೊಸರುಬಜ್ಜಿ. ಕುದಿಸ್ಬೇಡಿ, ಕಹಿ ಬರ್ತದೆ. ನಿಂಬೆಹುಳಿ ಬಿದ್ರೆ ಬೇಗ ಕಪ್ಪಾಗಲ್ಲ, ಆದ್ರೂ ಆಗಾಗ್ಲೇ ಮಾಡಿ ತಿಂದು ಮುಗಿಸಿ, ರಾತ್ರಿಗೆ ಇಟ್ರೆ ಆ ರುಚಿ ಇರಲ್ಲ.