ಸಂಕ್ರಾಂತಿ ಪ್ರಶ್ನೋತ್ತರ: ಅಚ್ಚು ಮುರಿದದ್ದೇಕೆ, ಬೆಲ್ಲ ಅಂಟಿದ್ದೇಕೆ?

ಪ್ರಶ್ನೆ: ಅತ್ತೆಯವರ ಕಾಲದ ಮರದ ಅಚ್ಚುಗಳಿವೆ. ಕಳೆದ ವರ್ಷ ಸಕ್ಕರೆ ಅಚ್ಚು ಹಾಕಿದರೆ ಕೆಲವು ಮರಕ್ಕೇ ಅಂಟಿ ಮುರಿದವು, ಉಳಿದ ಪಾಕ ಪಾತ್ರೆಯಲ್ಲೇ ಗಟ್ಟಿಯಾಯಿತು. ಬಣ್ಣವೂ ಮಾಸಲು. — ಓದುಗರು, ತುಮಕೂರು

ಉತ್ತರ: ಮೂರಕ್ಕೂ ಕಾರಣ ಬೇರೆ. ಬಣ್ಣ ಕೆಟ್ಟದ್ದು ಸಕ್ಕರೆಯ ಕೊಳೆಯಿಂದ. 1 ಕೆಜಿ ಸಕ್ಕರೆಗೆ ಅದು ಮುಳುಗುವಷ್ಟು, ಸುಮಾರು ಅರ್ಧ ಲೀಟರ್ ನೀರು ಹಾಕಿ ಕರಗಿಸಿ. ಕುದಿ ಬಂದಾಗ 3-4 ಚಮಚ ಹಾಲು ಬಿಡಿ. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ಸೌಟಿನಲ್ಲಿ ತೆಗೆದು, ಪಾಕವನ್ನು ಒದ್ದೆ ಬಟ್ಟೆಯಲ್ಲಿ ಸೋಸಿ.

ಅಂಟಿದ್ದು ಒಣಮರದ ದೋಷ. ಒಣ ಅಚ್ಚು ಪಾಕ ಹೀರುತ್ತದೆ. ಕನಿಷ್ಠ 2 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಹೊರತೆಗೆದು ಕೊಡವಿ, ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಪಾಕ ತಳದಿಂದ ಸೋರುವುದಿಲ್ಲ.

ಇನ್ನು ಮುಖ್ಯವಾದದ್ದು ಹದ. ಸೋಸಿದ ಪಾಕವನ್ನೆಲ್ಲ ಒಟ್ಟಿಗೆ ಕಾಯಿಸಲೇಬೇಡಿ, ಒಂದು ಸಲಕ್ಕೆ ಒಂದು ಲೋಟ ಸಾಕು. ಚಿಕ್ಕ ಪಾತ್ರೆಯಲ್ಲಿ ಕೈಬಿಡದೆ ಕಲಕುತ್ತಿರಿ. ಎಳೆ ಪಾಕ ಬಂದ ಮೇಲೆ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಸಕ್ಕರೆ ಕಟ್ಟತೊಡಗುತ್ತದೆ. ತಕ್ಷಣ ಇಳಿಸಿ, ಅಂಚಿಗೆ ಉಜ್ಜುತ್ತಾ ಕಲಕಿ. ಪಾಕ ಹಾಲಿನಂತೆ ಬೆಳ್ಳಗಾದ ಗಳಿಗೆಯಲ್ಲೇ ಹೊಯ್ಯಬೇಕು. ತಿಳಿಯಾಗಿರುವಾಗ ಹೊಯ್ದರೆ ಜಿಗಟಾಗಿ ಉಳಿಯುತ್ತದೆ, ತಡವಾದರೆ ಪಾತ್ರೆಯಲ್ಲೇ ಕೂರುತ್ತದೆ. ಕೂತರೆ ಚೆಲ್ಲಬೇಡಿ: ಅರ್ಧ ಲೋಟ ನೀರು ಹಾಕಿ ಮತ್ತೆ ಕಾಯಿಸಿ. ನಿಂಬೆರಸ ಹಿಂಡುವವರಿದ್ದಾರೆ, ಎರಡು ಹನಿ ದಾಟಿದರೆ ಸಕ್ಕರೆ ಹರಳುಗಟ್ಟುವುದೇ ಇಲ್ಲ. ನಮ್ಮನ್ನು ಕೇಳಿದರೆ ಅದು ಬೇಡವೇ ಬೇಡ. ಹತ್ತು ನಿಮಿಷ ಬಿಟ್ಟು ಅಚ್ಚು ಬಿಡಿಸಿ.

ಪ್ರಶ್ನೆ: ಎಳ್ಳು-ಬೆಲ್ಲ ಬೆರೆಸಿಟ್ಟ ಎರಡೇ ದಿನಕ್ಕೆ ಮುದ್ದೆಯಾಗುತ್ತದೆ. ಅಳತೆಯನ್ನೂ ತಿಳಿಸಿ. — ಓದುಗರು, ಬೆಂಗಳೂರು

ಉತ್ತರ: ಬೆಲ್ಲದಲ್ಲಿ ಪಸೆ ಇದ್ದಿರಬೇಕು, ಇಲ್ಲವೇ ಹುರಿದದ್ದನ್ನು ಬಿಸಿಯಲ್ಲೇ ಬೆರೆಸಿದ್ದೀರಿ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ ತಲಾ ಅರ್ಧ ಕೆಜಿ, ಹುರಿಗಡಲೆ ಕಾಲು ಕೆಜಿ, ಬಿಳಿ ಎಳ್ಳು 150 ಗ್ರಾಂ ಹಾಕಿದರೆ ಸುಮಾರು 2 ಕೆಜಿ ಆಗುತ್ತದೆ. ಉಗುರು ಊರದಷ್ಟು ಗಟ್ಟಿ ಬೆಲ್ಲ ಆರಿಸಿ, ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಹೆಚ್ಚಿ, ತೆಳುಬಟ್ಟೆ ಮುಚ್ಚಿ 2-3 ದಿನ ಬಿಸಿಲಿಗಿಡಿ. ಸಂಜೆ ಇಬ್ಬನಿಗೆ ಮುಂಚೆ ಒಳಗೆ ತರುವುದು ಮರೆತರೆ ಒಣಗಿಸಿದ್ದೆಲ್ಲ ವ್ಯರ್ಥ. ಕೊಬ್ಬರಿ ಗಿಟುಕನ್ನು ಒಡೆದೊಡನೆ ಮೂಸಿ ನೋಡಿ. ಒಂದು ಕಮಟು ಹೋಳು ಇಡೀ ಡಬ್ಬಿ ಕೆಡಿಸುತ್ತದೆ. ಕಂದು ಸಿಪ್ಪೆ ಹೆರೆದು ಹೆಚ್ಚಿ, ಅದನ್ನೂ ಒಣಗಿಸಿ. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಎರಡು ಬೇಳೆ ಮಾಡಿ. ಎಳ್ಳು ಚಟಪಟ ಎಂದ ಕೂಡಲೇ ಬಾಣಲೆಯಿಂದ ತೆಗೆಯಿರಿ, ಇಲ್ಲದಿದ್ದರೆ ಕಹಿ. ಎಲ್ಲ ಪೂರ್ತಿ ಆರಿದ ಮೇಲೆ, ಹಬ್ಬದ ಹಿಂದಿನ ದಿನ ಬೆರೆಸಿದರೆ ಸಾಕು. ಎಳ್ಳು ತಳ ಸೇರುತ್ತದೆ, ಪೊಟ್ಟಣ ಕಟ್ಟುವಾಗ ಆಗಾಗ ಕೈಯಾಡಿಸಿ.

ಪ್ರಶ್ನೆ: ಮಗಳಿಗೆ ಮದುವೆಯಾದ ಮೇಲೆ ಇದು ಮೊದಲ ಸಂಕ್ರಾಂತಿ. ಎಳ್ಳು ಬೀರುವಾಗ ಬಾಳೆಹಣ್ಣು ಎಷ್ಟು? — ಓದುಗರು, ಮೈಸೂರು

ಉತ್ತರ: ಹಳೇ ಮೈಸೂರು ಕಡೆ ರೂಢಿ ಮೊದಲ ವರ್ಷ 5, ಮರುವರ್ಷ 10, ಹೀಗೆ ಐದು ವರ್ಷ. ಅವಳ ಅತ್ತೆಯ ಮನೆಯ ಪದ್ಧತಿ ಬೇರೆಯಿದ್ದರೆ ಹಾಗೇ ಮಾಡಲಿ.

ಪ್ರಶ್ನೆ: ಒಂದೂವರೆ ವರ್ಷದ ಮೊಮ್ಮಗನಿಗೆ ಎಲಚಿಹಣ್ಣು ಎರೆಯಬೇಕು. ಹೇಗೆ? — ಓದುಗರು, ಹಾಸನ

ಉತ್ತರ: ಸಂಜೆ ಮಣೆಯ ಮೇಲೆ ಕೂರಿಸಿ. ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ಪಾವಿನಲ್ಲಿ ತುಂಬಿ ತಲೆಯ ಮೇಲೆ ನಿಧಾನ ಸುರಿದು ಆರತಿ ಎತ್ತಿ. ಕಬ್ಬಿನ ಅಂಚು ಚುಚ್ಚದಂತೆ ಸಿಪ್ಪೆ ತೆಗೆದಿರಲಿ. ಈ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ಎಲಚಿ ಬೀಜವೂ ಕಾಸೂ ಗಂಟಲಿಗೆ ಸಿಕ್ಕುವಂಥವು. ಸುರಿದ ಕೂಡಲೇ ಮಗುವನ್ನು ಎತ್ತಿಕೊಳ್ಳಿ. ಬಿದ್ದದ್ದನ್ನು ದೊಡ್ಡ ಮಕ್ಕಳು ಆರಿಸಿಕೊಳ್ಳಲಿ.