ಕೊಯ್ದ ರಾಗಿ, ಬಿಡದ ಸೋನೆ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಎರಡು ಎಕರೆ ರಾಗಿ ಕೊಯ್ದು ಹೊಲದಲ್ಲೇ ಬಿಟ್ಟಿದ್ದೇವೆ. ಬಿಸಿಲೇ ಇಲ್ಲ, ಸೋನೆ ಹಿಡಿದುಕೊಂಡಿದೆ. ಮಗ ಮೊಬೈಲ್ ನೋಡಿ ಇನ್ನೂ ಹತ್ತು ದಿನ ಮಳೆ ಅಂತಾನೆ. ನಮ್ಮ ಯಜಮಾನರು ನಾಳೆಯೇ ಬಿಸಿಲು ಅಂತಾರೆ. ಮೆದೆ ಹಾಕೋದಾ, ಬಿಡೋದಾ?
- ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ಅಮ್ಮಾ, ಇಬ್ಬರನ್ನೂ ಪೂರ್ತಿ ನಂಬಬೇಡಿ. ಮೊಬೈಲಿನಲ್ಲಿ ಹತ್ತನೇ ದಿನಕ್ಕೆ ಕಾಣುವ ಮಳೆ ಚಿತ್ರ ಸುಮ್ನೆ ಅಂದಾಜು. ಮೊದಲ ಎರಡು ಮೂರು ದಿನದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಐದು ದಿನದ ಆಚೆಯದ್ದನ್ನು ನೋಡಿ ಕೂಲಿಯವರನ್ನು ಕರೆಯಬೇಡಿ, ಬೇಡ ಅಂತ ಕಳಿಸಲೂ ಬೇಡಿ.

ಇದು ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಈ ಮೋಡ ಹೋಗಿ ಇನ್ನೊಂದು ಬಂದಿರಬಹುದು. ಅದಕ್ಕೇ ಮುಂದಿನದಕ್ಕೂ ಆಗುವ ಹಾಗೆ ಹೇಳುತ್ತೇನೆ. ಡಿಸೆಂಬರ್ ಮಳೆ ನಮಗೆ ಬರುವುದು ಪೂರ್ವದಿಂದ. ಮುಳಬಾಗಿಲಿನಿಂದ ಚೆನ್ನೈ ಸುಮಾರು 240 ಕಿ.ಮೀ. ಅಷ್ಟೇ ಅಲ್ವಾ? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಅದು ತಮಿಳುನಾಡಿನ ಕಡೆ ಬಂದರೆ ಅದರ ಬಾಲ ನಮ್ಮ ಮೇಲೂ ಆಡುತ್ತದೆ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ಸೇರಿತ್ತು, 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ. ಎರಡು ಸಲವೂ ನಮ್ಮ ಕಡೆ ಇದೇ ಜಡಿ, ಇದೇ ಥಂಡಿ. ಅದೇ ಉತ್ತರಕ್ಕೆ, ಆಂಧ್ರದ ಕಡೆ ತಿರುಗಿದರೆ ನಮಗೆ ಸಾಮಾನ್ಯವಾಗಿ ಮೋಡ ಜಾಸ್ತಿ, ಮಳೆ ಕಮ್ಮಿ. ಹಾಗಾಗಿ ಮಗನಿಗೆ ಹೇಳಿ, ಕುಸಿತ ಎತ್ತ ಹೊರಟಿದೆ ಅಂತ ಮೊದಲು ನೋಡಲಿ.

ಇನ್ನೊಂದು. ಹವಾಮಾನ ಇಲಾಖೆಯವರು 'ಒಂದೆರಡು ಕಡೆ' ಮಳೆ ಅಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ಕಾಲು ಭಾಗದೊಳಗೆ ಅಂತ ಲೆಕ್ಕ. 'ಬಹುತೇಕ ಎಲ್ಲೆಡೆ' ಅಂದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಮೊದಲನೆಯದಕ್ಕೆ ಕೆಲಸ ನಿಲ್ಲಿಸಬೇಡಿ, ಎರಡನೆಯದಕ್ಕೆ ಟಾರ್ಪಾಲು ಹುಡುಕಿ. ರೈತರಿಗಾಗಿಯೇ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಐದು ದಿನದ ಮುನ್ಸೂಚನೆ ಬರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಸಿಗುತ್ತದೆ.

ಈಗ ರಾಗಿ ವಿಷಯ. ಒದ್ದೆ ಇರುವಾಗ ದೊಡ್ಡ ಮೆದೆ ಬೇಡವೇ ಬೇಡ. ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಹುಲ್ಲು ಕಪ್ಪಾಗುತ್ತದೆ, ಆಮೇಲೆ ಹಸು ಮೂಸಿ ನೋಡಿ ಹೋಗುತ್ತದೆ. ಹಾಗಂತ ನೆಲಕ್ಕೆ ಅಂಟಿಕೊಂಡಿದ್ದರೂ ತೆನೆಯಲ್ಲೇ ಮೊಳಕೆ ಬರುತ್ತದೆ. ಮಳೆ ಬಿಟ್ಟ ಗಳಿಗೆಯಲ್ಲಿ ತಿರುವಿ ಹಾಕಿ. ಬಿಸಿಲೇ ಬೇಕು ಅಂತಿಲ್ಲ, ಗಾಳಿ ಸಾಕು. ಆರಿದಷ್ಟನ್ನು ಎತ್ತರದ ಜಾಗದಲ್ಲಿ ತೆನೆ ಒಳಕ್ಕೆ ಬರುವಂತೆ ಸಣ್ಣ ಸಣ್ಣ ಗುಡ್ಡೆ ಮಾಡಿ, ಮಳೆ ಬಂದರೆ ಮುಚ್ಚಿ, ನಿಂತ ಕೂಡಲೇ ತೆಗೆಯಿರಿ. ಒಣಗಿತು ಅಂತ ಟಾರು ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡಬೇಡಿ ತಾಯಿ. ರಾಗಿ ಹುಲ್ಲಿನ ಮೇಲೆ ಬೈಕಿನವರು ಜಾರಿ ಬೀಳುವುದನ್ನು ನೋಡಿ ನೋಡಿ ಸಾಕಾಗಿದೆ.

ಪ್ರಶ್ನೆ: ಸಾರ್, ಮೋಡ ಇದ್ದರೆ ಹಗಲೆಲ್ಲ ಸ್ವೆಟರ್ ಬೇಕು, ರಾತ್ರಿ ಅಷ್ಟೇನೂ ಚಳಿ ಇಲ್ಲ. ಯಾಕೆ?
- ಹೈಸ್ಕೂಲ್ ವಿದ್ಯಾರ್ಥಿ, ಶ್ರೀನಿವಾಸಪುರ

ಉತ್ತರ: ಹಗಲು ಮೋಡ ಬಿಸಿಲನ್ನು ತಡೆಯುತ್ತದೆ. ರಾತ್ರಿ ಅದೇ ಮೋಡ ನೆಲದ ಶಾಖ ಪೂರ್ತಿ ಮೇಲಕ್ಕೆ ಹೋಗದಂತೆ ತಡೆಯುತ್ತದೆ. ಆಕಾಶ ತಿಳಿಯಾದ ರಾತ್ರಿಯೇ ನಿಜವಾದ ಮಾಗಿ ಚಳಿ, ಸ್ವೆಟರ್ ಎತ್ತಿಡಬೇಡಪ್ಪ. ನಿಮ್ಮೂರು ಮಾವಿನ ಊರು. ಮನೆಯಲ್ಲಿ ತೋಟ ಇದ್ದು ಹೂ ಬಂದಿದ್ದರೆ ಅಪ್ಪನಿಗೆ ಹೇಳು: ಮೋಡದ ದಿನಗಳಲ್ಲಿ ಬೂದಿ ರೋಗ, ಜಿಗಿಹುಳು ಜಾಸ್ತಿ. ಹೂಗೊಂಚಲು ಹಿಡಿದು ಒಂದು ಸಲ ನೋಡಿ ಬರಲಿ.