ಬ್ರಿಟಿಷ್ ನೆರೆಯವರು ನಗುತ್ತಾರೆ, ಮಾತಾಡಿಸುತ್ತಾರೆ, ಆದರೆ ಮನೆಯೊಳಗೆ ಕರೆಯುವುದಿಲ್ಲ. ಇದು ಬೂಟಾಟಿಕೆಯೇ?

ಲೀಡ್ಸ್‌ನಲ್ಲಿ ಮನೆ ಕೊಂಡು ವರ್ಷವಾಗುತ್ತ ಬಂದರೂ ಅಕ್ಕಪಕ್ಕದವರು ಬಾಗಿಲಲ್ಲೇ ನಿಂತು ಮಳೆ ಬಿಸಿಲಿನ ಮಾತಾಡಿ ಹೋಗುತ್ತಾರೆ, ಯಾರೂ ಒಮ್ಮೆಯೂ ಒಳಗೆ ಕರೆದಿಲ್ಲ, ನಮ್ಮವರು ಹೆಚ್ಚಿರುವ ಊರಿಗೆ ಹೋಗಿಬಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಶೆಫೀಲ್ಡ್‌ಗೆ ಬಂದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ರಾತ್ರಿ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಮಾತಾಡಿಕೊಳ್ಳುತ್ತಿದ್ದೆವು.

ನಮ್ಮದು ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಸಾಲುಮನೆ. ಎಡಬದಿಯ ಗೋಡೆ ನಮಗೂ ಪಕ್ಕದ ಮನೆಗೂ ಒಂದೇ. ಆ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಂಟಿಯಾಗಿದ್ದರು. ಕೌನ್ಸಿಲ್‌ನ ಲಾರಿ ಕಸ ಒಯ್ಯುವ ದಿನ ನಾವು ಕೆಲಸದಿಂದ ಬರುವಷ್ಟರಲ್ಲಿ ನಮ್ಮ ಖಾಲಿ ಬಿನ್ ರಸ್ತೆಯಂಚಿನಿಂದ ಒಳಗೆ ಬಂದು, ಹಿಡಿಕೆ ಗೋಡೆಯ ಕಡೆಗಿರುವಂತೆ ತನ್ನ ಜಾಗದಲ್ಲಿ ನಿಂತಿರುತ್ತಿತ್ತು. ನಾವಿಲ್ಲದಾಗ ಬಂದ ಪಾರ್ಸೆಲ್‌ಗಳನ್ನು ಅವರೇ ತೆಗೆದಿಟ್ಟುಕೊಂಡು, ನಮ್ಮ ದೀಪ ಹೊತ್ತಿದ ಮೇಲೆ ತಂದು ಕೊಡುತ್ತಿದ್ದರು. ಒಳಗೆ ಬನ್ನಿ, ಒಂದು ಲೋಟ ಕಾಫಿ ಕುಡಿದು ಹೋಗಿ ಎಂದರೆ, ನೀವು ಈಗ ತಾನೇ ದುಡಿದು ಬಂದಿದ್ದೀರಿ, ತೊಂದರೆ ಕೊಡುವುದಿಲ್ಲ ಎಂದು ಹೊಸ್ತಿಲು ದಾಟದೆ ಹಿಂದಿರುಗುತ್ತಿದ್ದರು. ಒಳಗೆ ಬಂದು ಕೂತು ಕಾಫಿ ಕುಡಿಯದವರನ್ನು ಹತ್ತಿರದವರೆಂದು ಎಣಿಸುವುದು ನಮಗೆ ಗೊತ್ತೇ ಇರಲಿಲ್ಲ. ಹೀಗಾಗಿ ಅವರು ಮಾಡುತ್ತಿದ್ದ ಉಪಕಾರಗಳನ್ನೆಲ್ಲ ನಾವು ಬರಿಯ ಶಿಷ್ಟಾಚಾರದ ಪಟ್ಟಿಗೆ ಸೇರಿಸಿ ಮರೆತುಬಿಡುತ್ತಿದ್ದೆವು.

ಮಗಳು ಹುಟ್ಟಿದ ಮೇಲೆ ಮನೆ ಸಾಲದಾಯಿತು, ಅಟ್ಟವನ್ನು ಕೋಣೆ ಮಾಡಿಸಲು ಹೊರಟೆವು. ಇಲ್ಲಿ ಮಾಡಿದ ತಪ್ಪನ್ನು ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಸ್ವಂತ ಮನೆಯಿರುವ ನೀವೂ ಮುಂದೊಂದು ದಿನ ಇದೇ ಕೆಲಸಕ್ಕೆ ಕೈಹಾಕಬಹುದು. ಇಂಗ್ಲೆಂಡಿನಲ್ಲಿ ಸಾಲುಮನೆಯ ಅಟ್ಟವನ್ನು 40 ಘನ ಮೀಟರ್‌ವರೆಗೆ, ಒಂಟಿಮನೆ ಮತ್ತು ಜೋಡಿಮನೆಗಳಲ್ಲಾದರೆ 50 ಘನ ಮೀಟರ್‌ವರೆಗೆ ಹಿಗ್ಗಿಸಲು, ಉಳಿದ ಷರತ್ತುಗಳನ್ನು ಪಾಲಿಸಿದರೆ, ಸಾಮಾನ್ಯವಾಗಿ ಪ್ಲಾನಿಂಗ್ ಅನುಮತಿ ಬೇಕಾಗುವುದಿಲ್ಲ. ಇದನ್ನು ಓದಿದ ನಾನು ಇನ್ನು ಯಾರನ್ನೂ ಕೇಳಬೇಕಾಗಿಲ್ಲ ಎಂದು ತೀರ್ಮಾನಿಸಿದೆ. ಕಟ್ಟಡದ ಭದ್ರತೆಯನ್ನೂ ಬೆಂಕಿಯಿಂದ ರಕ್ಷಣೆಯನ್ನೂ ನೋಡುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಬೇರೆ, ಅದನ್ನು ಬಿಲ್ಡರ್ ನೋಡಿಕೊಳ್ಳುತ್ತಿದ್ದ. ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದೊಂದಿದೆ, ಅದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1996ರ ಪಾರ್ಟಿ ವಾಲ್ ಕಾಯ್ದೆ. ಎರಡು ಮನೆಗಳು ಹಂಚಿಕೊಂಡ ಗೋಡೆಯನ್ನು ಉಕ್ಕಿನ ತೊಲೆ ಕೂರಿಸುವುದಕ್ಕಾಗಿ ಕೊರೆಯುವುದಿದ್ದರೆ, ಕೆಲಸಕ್ಕೆ ಕನಿಷ್ಠ ಎರಡು ತಿಂಗಳು ಮೊದಲು ಪಕ್ಕದವರಿಗೆ ಲಿಖಿತ ನೋಟಿಸ್ ಕೊಡಬೇಕು. ಅವರು 14 ದಿನಗಳೊಳಗೆ ಬರಹದಲ್ಲಿ ಒಪ್ಪಿದರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ, ಅಥವಾ ಉತ್ತರವನ್ನೇ ಕೊಡದಿದ್ದರೆ, ಅದನ್ನು ವಿವಾದವೆಂದು ಪರಿಗಣಿಸಿ, ಅದನ್ನು ಬಗೆಹರಿಸುವ ಕಟ್ಟಡ ತಜ್ಞರಾದ ಸರ್ವೇಯರ್‌ಗಳನ್ನು ನೇಮಿಸಬೇಕಾಗುತ್ತದೆ, ಸಾಮಾನ್ಯವಾಗಿ ಆ ಖರ್ಚೆಲ್ಲ ಕಟ್ಟಿಸುವವರ ಮೇಲೆಯೇ ಬೀಳುತ್ತದೆ. ನೋಟಿಸ್ ಇಲ್ಲದೆ ಕೆಲಸ ಶುರುಮಾಡಿದವರ ಮೇಲೆ ಪಕ್ಕದವರು ಕೋರ್ಟಿನಿಂದ ತಡೆಯಾಜ್ಞೆ ತರಬಹುದು.

ಆದರೆ ಕಾಯ್ದೆ ಗೊತ್ತಿರಲಿಲ್ಲ ಎನ್ನುವುದು ತಪ್ಪಿನ ಅರ್ಧ ಭಾಗ ಮಾತ್ರ. ಮಗಳ ನಾಮಕರಣದ ದಿನ ಅವರ ಮನೆಗೆ ಮೈಸೂರುಪಾಕು ಕೊಟ್ಟು ಬಂದಿದ್ದ ನಾನು, ಅವರ ಮಲಗುವ ಕೋಣೆಯ ಗೋಡೆಯನ್ನು ಕೊರೆಯುತ್ತೇವೆಂದು ಹೇಳಲು ಹೋಗಲಿಲ್ಲ. ನಮ್ಮ ಮನೆ, ನಮ್ಮ ದುಡ್ಡು, ನಾಲ್ಕು ದಿನದ ಗದ್ದಲ, ನೆರೆಯವರೆಂದ ಮೇಲೆ ಅಷ್ಟು ಸಹಿಸಿಕೊಳ್ಳುತ್ತಾರೆ ಎಂಬುದು ನನ್ನ ಧೋರಣೆಯಾಗಿತ್ತು. ಸ್ಕಾಫೋಲ್ಡಿಂಗ್ ಎದ್ದ ದಿನವೇ ಅವರಿಗೆ ವಿಷಯ ಗೊತ್ತಾದದ್ದು. ಹಿತ್ತಲ ಬೇಲಿಯಾಚೆ ನಿಂತು, ಇದು ಎಷ್ಟು ದಿನ ನಡೆಯಬಹುದು ಎಂದು ನಗುತ್ತಲೇ ಕೇಳಿದರು. ಒಂದು ತಿಂಗಳಾಗಬಹುದು ಎಂದು ಹೇಳಿ ನಾನು ಒಳಗೆ ಬಂದೆ. ಅದು ಅವರು ನನಗೆ ಕೊಟ್ಟ ಅವಕಾಶವಾಗಿತ್ತೆಂದು ನನಗೆ ತಿಳಿಯಲಿಲ್ಲ.

ಸ್ವಲ್ಪ ದಿನಗಳಲ್ಲೇ ಅವರ ಪರವಾಗಿ ಸರ್ವೇಯರ್ ಒಬ್ಬರಿಂದ ಪತ್ರ ಬಂತು, ಕೆಲಸ ನಿಂತಿತು. ನವೆಂಬರ್ ಮಳೆಯಲ್ಲಿ ಅರ್ಧ ಬಿಚ್ಚಿದ ಸೂರಿಗೆ ಟಾರ್ಪಾಲಿನ್ ಹೊದಿಸಿಕೊಂಡು ಕೂತೆವು, ಬಿಲ್ಡರ್ ಇನ್ನೊಂದು ಕೆಲಸಕ್ಕೆ ಹೊರಟುಹೋದ, ಇಬ್ಬರು ಸರ್ವೇಯರ್‌ಗಳ ಶುಲ್ಕ ಸೇರಿ ಸಾವಿರಾರು ಪೌಂಡ್ ಕೈಬಿಟ್ಟು ಹೋಯಿತು. ಎದುರಿಗೆ ನಕ್ಕು ಬೆನ್ನ ಹಿಂದೆ ನೋಟಿಸ್ ಕಳಿಸುತ್ತಾರೆ ಎಂದು ನನಗೆ ಕೆಂಡದಂಥ ಸಿಟ್ಟು. ಪರಿಚಯದ ಕನ್ನಡಿಗರಲ್ಲಿ ಕೆಲವರು ಇದು ಮೈಬಣ್ಣದ ವಿಚಾರವೇ ಎಂದರು, ಆಗ ನಾನು ಅದನ್ನು ನಂಬಿದೆ. ಪರಿಶೀಲನೆಗೆ ಬಂದ ಸರ್ವೇಯರ್ ಅವರ ಕೋಣೆಯಲ್ಲಿ ಬೀರುವಿನ ಮೇಲೆ ಗಾರೆ ಬಿರಿದಿದ್ದ ಕಡೆ ಪೆನ್ಸಿಲ್ಲಿನಿಂದ ಎರಡು ತುದಿಗಳನ್ನೂ ಗುರುತು ಮಾಡಿ, ಅಳೆದು, ಫೋಟೊ ತೆಗೆದುಕೊಂಡರು. ಮೆಟ್ಟಿಲಿಳಿಯುವಾಗ ನನ್ನೊಡನೆ ಹೇಳಿದರು: "ನಿಮ್ಮ ಅಟ್ಟದ ಬಗ್ಗೆ ಅವರಿಗೆ ಯಾವ ಆಕ್ಷೇಪವೂ ಇಲ್ಲ. ಮೊದಲೇ ಒಂದು ಮಾತು ಹೇಳಿದ್ದರೆ ಅಂದೇ ಸಹಿ ಹಾಕುತ್ತಿದ್ದೆ ಎಂದರು."

ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪದಿರುವುದು ಈ ಕಾರಣಕ್ಕೆ. ಒಳಗೆ ಕರೆಯುತ್ತಾರೋ ಇಲ್ಲವೋ ಎಂಬುದರಿಂದ ಇಲ್ಲಿನವರ ಮನಸ್ಸನ್ನು ಅಳೆಯಲಾಗದು. ಗೋಡೆಗೆ ಗೋಡೆ ಆತುಕೊಂಡ ಚಿಕ್ಕ ಮನೆಗಳಲ್ಲಿ, ಪಕ್ಕದವರ ಕೆಮ್ಮು ಕೇಳಿಸುವಷ್ಟು ಹತ್ತಿರದಲ್ಲಿ, ತಲೆಮಾರುಗಟ್ಟಲೆ ಬದುಕಿದ ಜನ ಇವರು. ಇನ್ನೊಬ್ಬರ ಹೊತ್ತಿಗೆ, ಜಾಗಕ್ಕೆ, ನೆಮ್ಮದಿಗೆ ಕೇಳದೆ ಕೈಹಾಕಬಾರದು ಎಂಬುದು ಇಲ್ಲಿ ನೆರೆತನದ ಮೊದಲ ಪಾಠ. ದುಡಿದು ದಣಿದು ಬಂದವರ ಮನೆಗೆ ನುಗ್ಗಬಾರದೆಂದು ಆಕೆ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು, ತಮ್ಮ ಗೋಡೆಯ ಬಗ್ಗೆ ನಾವೂ ಅಷ್ಟೇ ಎಚ್ಚರ ವಹಿಸುತ್ತೇವೆಂದು ನಂಬಿದ್ದರು. ನೋವಾದಾಗ ಬೀದಿಯಲ್ಲಿ ಜಗಳವಾಡುವುದಕ್ಕಿಂತ ಬರಹದಲ್ಲಿ ತಿಳಿಸುವುದೇ ಹೆಚ್ಚು ಸಭ್ಯವೆಂದು ಅವರು ಭಾವಿಸುತ್ತಾರೆ. ನಮಗೆ ಅದು ವೈರದಂತೆ ಕಂಡರೂ ಅವರ ದೃಷ್ಟಿಯಲ್ಲಿ ಅದು ಸಂಬಂಧ ಉಳಿಸಿಕೊಳ್ಳುವ ದಾರಿ. ನಾನು ಕ್ಷಮೆ ಕೇಳಿ ಪತ್ರ ಬರೆದೆ, ಗಾರೆ ಸರಿಮಾಡಿಸಿಕೊಟ್ಟೆ. ಬಿನ್ ಮಾತ್ರ ಬಹಳ ಕಾಲ ರಸ್ತೆಯಂಚಿನಲ್ಲೇ ನಿಂತಿರುತ್ತಿತ್ತು, ಅದನ್ನು ನೋಡಿದಾಗಲೆಲ್ಲ ನಾವು ಕಳೆದುಕೊಂಡದ್ದೇನೆಂದು ಅರಿವಾಗುತ್ತಿತ್ತು.

ಇಲ್ಲಿ ಜನಾಂಗದ್ವೇಷವೇ ಇಲ್ಲವೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಸೌತ್‌ಪೋರ್ಟ್ ಪಟ್ಟಣದಲ್ಲಿ ಮಕ್ಕಳ ಕೊಲೆಯಾಗಿ, ಕೊಂದವನು ಆಶ್ರಯ ಕೋರಿ ಬಂದವನೆಂಬ ಸುಳ್ಳು ಸುದ್ದಿ ಹಬ್ಬಿದ ಬೆನ್ನಿಗೆ 2024ರ ಆಗಸ್ಟ್ 4ರಂದು ನಮ್ಮೂರಿಗೆ ತಾಗಿಕೊಂಡಿರುವ ರಾಥರಮ್ ಬಳಿ ಆಶ್ರಯ ಕೋರಿ ಬಂದವರು ತಂಗಿದ್ದ ಹೋಟೆಲ್ಲಿಗೆ ಗುಂಪೊಂದು ನುಗ್ಗಿ ಬೆಂಕಿ ಹಚ್ಚಲು ನೋಡಿತು. ಆ ವಾರ ನಾವು ಮಗಳನ್ನು ಪಾರ್ಕಿಗೂ ಕರೆದೊಯ್ಯಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದವರು ಪಕ್ಕದ ಮನೆಯಾಕೆ. ಅಂಗಡಿಗೆ ಹೊರಟಿದ್ದೇನೆ, ಏನಾದರೂ ತರಬೇಕಿದ್ದರೆ ಹೇಳಿ ಎಂದರು, ತಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ರಾತ್ರಿ ಎಷ್ಟು ಹೊತ್ತಾದರೂ ಕರೆಯಿರಿ ಎಂದರು. ಹಾಲು, ಬ್ರೆಡ್ಡು ತಂದುಕೊಟ್ಟರು. ಅಂದೂ ಅವರು ಒಳಗೆ ಬರಲಿಲ್ಲ. ಒಳಗೆ ಕರೆಯದವರನ್ನೂ ದ್ವೇಷಿಸುವವರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಊರು ಬದಲಿಸುವ ವಿಚಾರ: ಕೆಲಸಕ್ಕಾಗಿ ಹೋಗುವುದಿದ್ದರೆ ಹೋಗಿ, ಈ ಕಾರಣಕ್ಕೆ ಹೋಗಬೇಡಿ. ಇಲ್ಲಿನವರು ಎದುರುಬದುರು ಕೂತು ಮಾತಾಡುವುದಕ್ಕಿಂತ ಪಕ್ಕಪಕ್ಕದಲ್ಲಿ ನಿಂತು ಏನಾದರೂ ಮಾಡುವಾಗ ಬೇಗ ತೆರೆದುಕೊಳ್ಳುತ್ತಾರೆ. ತರಕಾರಿ ಬೆಳೆಯಲು ಕೌನ್ಸಿಲ್ ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್‌ಗೆ ಇಂದೇ ಅರ್ಜಿ ಹಾಕಿ, ಎಷ್ಟೋ ಕಡೆ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಶನಿವಾರ ಬೆಳಿಗ್ಗೆ 9ಕ್ಕೆ ಪಾರ್ಕ್‌ರನ್‌ಗೆ ಹೋಗಿ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ ಶುರುವಾದ ಈ 5 ಕಿಲೋಮೀಟರ್ ಓಟಕ್ಕೆ ಶುಲ್ಕವಿಲ್ಲ, ನಡೆಸುವವರು ಸ್ವಯಂಸೇವಕರು. ಓಡಲಾಗದಿದ್ದರೆ ದಾರಿ ತೋರಿಸಲು ನಿಂತುಕೊಳ್ಳಿ. ನನಗೆ ಈ ದೇಶದಲ್ಲಿ ಸಿಕ್ಕ ಗಟ್ಟಿ ಸ್ನೇಹಗಳು ಹಾಗೆ ಮಳೆಯಲ್ಲಿ ನಿಂತಾಗ ಸಿಕ್ಕವು, ಊಟದ ಮೇಜಿನಲ್ಲಿ ಒಂದೂ ಸಿಗಲಿಲ್ಲ.

ದೀಪಾವಳಿಯಿಂದಲೇ ಆರಂಭಿಸಬಹುದು. ಸಾಮಾನ್ಯ ದಿನಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಪಟಾಕಿ ಹೊಡೆಯುವಂತಿಲ್ಲ, ಆದರೆ ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಕಾನೂನೇ ಅವಕಾಶ ಕೊಟ್ಟಿದೆ. ಕಾನೂನು ಕೊಟ್ಟಿತೆಂದು 1 ಗಂಟೆಯವರೆಗೆ ಹೊಡೆಯಬೇಡಿ. ಒಂದು ವಾರ ಮೊದಲು ಸಾಲಿನ ಎಲ್ಲ ಮನೆಗಳ ಅಂಚೆಗಿಂಡಿಗೂ ಚೀಟಿ ಹಾಕಿ, ಬೇಕಿದ್ದವರು ಹಿತ್ತಲಿಗೆ ಬಂದು ನೋಡಬಹುದೆಂದೂ ಬರೆಯಿರಿ. ನಾವು ಹಾಗೆ ಮಾಡಿದ ವರ್ಷ ಎದುರು ಮನೆಯವರು ತಮ್ಮ ಹೆದರುವ ನಾಯಿಯನ್ನು ಮಗಳ ಮನೆಯಲ್ಲಿ ಬಿಟ್ಟು, ತಾವು ಮಾತ್ರ ಕಂಬಳಿ ಹೊದ್ದು ಹೂಕುಂಡ ನೋಡಲು ಬಂದರು. ಚೀಟಿಯಲ್ಲಿ ಶುರುವಾಗುವ ಹೊತ್ತಿನ ಜೊತೆಗೆ ಮುಗಿಯುವ ಹೊತ್ತನ್ನೂ ಬರೆದು, ಆ ಹೊತ್ತಿಗೆ ಸರಿಯಾಗಿ ನಿಲ್ಲಿಸಿ.